ದಾಳ ಬೀಳುವ ಮುಂಚೆ: ಓದುಗರ ಪ್ರಶ್ನೆ, ಮಂಡಿ ಗುಮಾಸ್ತನ ಉತ್ತರ

ಕಳೆದ ಸಂಚಿಕೆಯಲ್ಲಿ ಪಾತ್ರದಾಟದ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ ಇಷ್ಟು ಪತ್ರ ಬರುತ್ತದೆ ಎಂದು ನಾನೂ ಎಣಿಸಿರಲಿಲ್ಲ, ಸಂಪಾದಕರೂ ಎಣಿಸಿರಲಿಲ್ಲ. ಹೊಸಬರಿಗಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಮಾಸ್ಟರ್, ಊರು, ಕಾಡು, ಗುಹೆ ಕಟ್ಟುವುದೂ ರಾಕ್ಷಸರನ್ನು ಆಡಿಸುವುದೂ ಅವರ ಕೆಲಸ. ಉಳಿದವರಿಗೆ ತಲೆಗೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಏಟು ತಿಂದಂತೆ ಇಳಿಯುವ ಜೀವದ ಅಂಕಿಗೆ 'ಹಿಟ್ ಪಾಯಿಂಟ್' ಎಂದು ಹೆಸರು; ಪಾತ್ರ ಬಲಿತಂತೆ ಏರುವ ಮೆಟ್ಟಿಲಿಗೆ 'ಲೆವೆಲ್'. ಎಲ್ಲರಿಗೂ ಒಂದೊಂದು ಸರದಿಯಾದರೆ ಒಂದು ಸುತ್ತು. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು 1974ರಲ್ಲಿ ಅಮೆರಿಕದಲ್ಲಿ ಹೊರತಂದರು.

ನಾನು ಚಿಂತಾಮಣಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ತನ್ನ ದಾಳದ ಚೀಲವನ್ನೂ ಪುಸ್ತಕವನ್ನೂ ನಮ್ಮ ಮನೆಯಲ್ಲೇ ಬಿಟ್ಟುಹೋದ. ಅಂದಿನಿಂದ ಭಾನುವಾರ ಸಂಜೆ ನಮ್ಮ ಮಹಡಿಯ ಮೇಲೆ ಆಟ. ಕೆಳಗೆ ಕೊಡುವ ಅಂಕಿಗಳು 2014ರ ಐದನೆಯ ಆವೃತ್ತಿಯವು. ನಮ್ಮ ಮೇಜಿನಲ್ಲಿ ಅದೇ ನಡೆಯುತ್ತದೆ.

*

ಇಪ್ಪತ್ತರ ದಾಳದಲ್ಲಿ 1 ಬಿದ್ದರೆ ಕತ್ತಿ ಕೈಯಿಂದ ಜಾರುತ್ತದೆ, ಇಲ್ಲವೇ ಪಕ್ಕದಲ್ಲಿರುವ ಗೆಳೆಯನಿಗೇ ಏಟು ಬೀಳುತ್ತದೆ ಎಂದು ನಿಯಮ ಮಾಡಿಕೊಂಡಿದ್ದೇವೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಯೋಧನ ಪಾತ್ರದ ಹುಡುಗ ಮಾತ್ರ ಮುಖ ಊದಿಸಿಕೊಳ್ಳುತ್ತಾನೆ. ಅವನದು ಅತಿಯಲ್ಲವೇ?
— ಒಬ್ಬ ಮಾಸ್ಟರ್, ಮಾಲೂರು

ಅವನ ಮುಖ ಊದಿರುವುದಕ್ಕೆ ಲೆಕ್ಕವಿದೆ. ಒಂದು ಸಲ ಕತ್ತಿ ಬೀಸಿದರೆ 1 ಬೀಳುವ ಸಾಧ್ಯತೆ ನೂರಕ್ಕೆ 5. ಆದರೆ ಯೋಧ ಐದನೆಯ ಲೆವೆಲ್‌ನಲ್ಲಿ ಒಂದು ಸರದಿಗೆ ಎರಡು ಸಲ ಬೀಸುತ್ತಾನೆ, ಹನ್ನೊಂದರಲ್ಲಿ ಮೂರು ಸಲ, ಇಪ್ಪತ್ತರಲ್ಲಿ ನಾಲ್ಕು ಸಲ. ಎರಡು ಬೀಸಿಗೆ ಕತ್ತಿ ಜಾರುವ ಸಾಧ್ಯತೆ ನೂರಕ್ಕೆ 9.75; ಮೂರಕ್ಕೆ 14ರ ಮೇಲೆ; ನಾಲ್ಕಕ್ಕೆ 18.5. ಗರಡಿಗೆ ನಿನ್ನೆ ಸೇರಿದ ಹುಡುಗನಿಗಿಂತ ಉಸ್ತಾದರ ಕೈಯಿಂದಲೇ ಗದೆ ಹೆಚ್ಚು ಸಲ ಬೀಳುತ್ತದೆ ಎಂದಾಯಿತು. ಇನ್ನು ಮಂತ್ರವಾದಿಯನ್ನು ನೋಡಿ. ಬೆಂಕಿಯ ಉಂಡೆ ಎಸೆಯುವಾಗ ಇಪ್ಪತ್ತರ ದಾಳವನ್ನು ಅವನು ಮುಟ್ಟುವುದೇ ಇಲ್ಲ. ತಪ್ಪಿಸಿಕೊಳ್ಳಬೇಕಾದ ಶತ್ರುಗಳು ಎಸೆಯುತ್ತಾರೆ. ನಿಮ್ಮ ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ ತೆರಿಗೆ ಕಟ್ಟುತ್ತಿರುವವನು ಒಬ್ಬನೇ.

ನಾನೂ ಆರು ತಿಂಗಳು ಇದೇ ನಿಯಮ ನಡೆಸಿದವನು, ಅದಕ್ಕೇ ಬೈಯುವುದಿಲ್ಲ. ನಗು ಬೇಕೇ ಬೇಕೆಂದರೆ ಸರದಿಯ ಮೊದಲ ಬೀಸಿನ 1 ಮಾತ್ರ ಲೆಕ್ಕಕ್ಕೆ ಎನ್ನಿ, ಮತ್ತು ಕೇಡು ಆಳಿನ ಮೇಲೆ ಬೀಳದೆ ಜಾಗದ ಮೇಲೆ ಬೀಳಲಿ. ಪಂಜು ಆರಿತು, ಹಗ್ಗದ ಸೇತುವೆಯ ಒಂದು ಎಳೆ ಕಿತ್ತಿತು, ಕಟ್ಟಿದ್ದ ಕುದುರೆ ಬೆದರಿ ಓಡಿತು. ಯೋಧನ ಮಾನ ಉಳಿಯುತ್ತದೆ, ಕಥೆಯೂ ಹೊರಳುತ್ತದೆ. ಅದೇ 1 ರಾಕ್ಷಸನಿಗೆ ಬಿದ್ದಾಗಲೂ ಅನ್ವಯಿಸಬೇಕು ಎಂದು ಬೇರೆ ಹೇಳಬೇಕಾಗಿಲ್ಲ ತಾನೇ?

*

ಪುಸ್ತಕದಲ್ಲಿಲ್ಲದೆ ನಾನೇ ಮಾಡಿಕೊಂಡ ಮನೆ ನಿಯಮಗಳ ಪಟ್ಟಿ 23ಕ್ಕೆ ಮುಟ್ಟಿದೆ. ಹೆಚ್ಚಾಯಿತೇ?
— ಗೌರಿಬಿದನೂರು

ಇಪ್ಪತ್ತಮೂರನ್ನೂ ಪಟ್ಟಿ ನೋಡದೆ ಹೇಳಿ ನೋಡೋಣ. ನಿಮಗೇ ನೆನಪಿಲ್ಲದ್ದು ಆಟಗಾರರಿಗೆ ಹೇಗೆ ನೆನಪಿರುತ್ತದೆ?

ಮನೆ ನಿಯಮ ನಮಗೇನು ಹೊಸದಲ್ಲ. ಚೌಕಾಬಾರ ಆಡಿದ ಯಾವ ಎರಡು ಮನೆಗಳ ಕಟ್ಟಳೆ ಒಂದೇ ಆಗಿದೆ ಹೇಳಿ. ನಮ್ಮ ತಾಯಿಯ ಕಡೆ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನನ್ನ ಹೆಂಡತಿಯ ತವರಿನಲ್ಲಿ ಆ ತಡೆಯಿಲ್ಲ, ಆದರೆ ಒಂದೇ ಸರದಿಯಲ್ಲಿ ಮೂರನೆಯ ಸಲ ಚೌಕ ಬಿದ್ದರೆ ಹಿಂದಿನ ಎರಡೂ ಸತ್ತವು. ಮದುವೆಯಾದ ಹೊಸತರಲ್ಲಿ ಮಾವನವರ ಜಗುಲಿಯಲ್ಲಿ ಆಡಲು ಕೂತು, ನನಗೆ ಮೂರನೆಯ ಚೌಕ ಬಿದ್ದು, ನಾನು ಹಿಗ್ಗಿ ಹೀರೇಕಾಯಿಯಾಗಿ ಕಾಯಿ ನಡೆಸಲು ಕೈ ಚಾಚಿದಾಗ ಮಾವನವರು "ಅದು ಸತ್ತಿತು ಅಳಿಯಂದಿರೇ" ಎಂದರು. ಅವರ ಕಟ್ಟಳೆ ತಪ್ಪಲ್ಲ. ಕವಡೆ ಬಿದ್ದ ಮೇಲೆ ಹೇಳಿದರು ನೋಡಿ, ಅದು ನನಗೆ ಇವತ್ತಿಗೂ ನುಂಗಲಾಗಿಲ್ಲ. ಮಂಡಿಯಲ್ಲೂ ಅಷ್ಟೇ. ಬಾಕ್ಸಿಗೆ 15 ಕಿಲೋ ಎಂದು ಹರಾಜು ಕೂಗಿದ ಮೇಲೆ ಅದು 15 ಕಿಲೋನೇ. ಬೆಲೆ ನಿಂತ ಮೇಲೆ ತೂಕದ ಮಾತೆತ್ತಿದವನ ಹತ್ತಿರ ಮರುದಿನ ಯಾರೂ ನಿಲ್ಲುವುದಿಲ್ಲ.

ಒಂದು ಪೋಸ್ಟ್ ಕಾರ್ಡಿನ ಒಂದು ಬದಿಯಲ್ಲಿ ಹಿಡಿಸುವಷ್ಟು ಇಟ್ಟುಕೊಳ್ಳಿ. ಆಟಕ್ಕೆ ಮುಂಚೆ ಮೇಜಿನ ಮೇಲಿಡಿ. ನಮ್ಮಲ್ಲಿ ಈಗ ಆರು ಇವೆ.

*

ಐದು ಜನ ಆಟಗಾರರು, ಎಲ್ಲರೂ ಮೂರನೆಯ ಲೆವೆಲ್. ಓಗರ್ ಎಂಬ ದೈತ್ಯಪ್ರಾಣಿಯೊಂದನ್ನು ಎದುರಿಗೆ ಬಿಟ್ಟೆ. ಎರಡನೆಯ ಸುತ್ತು ಮುಗಿಯುವ ಮುಂಚೆ ಸತ್ತಿತು. ಮುಂದಿನ ಸಲ ಅದರ ಹಿಟ್ ಪಾಯಿಂಟ್ ಎರಡರಷ್ಟು ಮಾಡಲೇ?
— ಶಿಡ್ಲಘಟ್ಟ

ಮಾಡಬಹುದು, ಆಗ ನಾಲ್ಕನೆಯ ಸುತ್ತಿನಲ್ಲಿ ಸಾಯುತ್ತದೆ. ಅಷ್ಟೇ ವ್ಯತ್ಯಾಸ.

ಪುಸ್ತಕದಲ್ಲಿ ಓಗರ್‌ಗೆ 59 ಹಿಟ್ ಪಾಯಿಂಟ್ ಎಂದಿದೆ, ಪಕ್ಕದಲ್ಲಿ ಅದರ ಲೆಕ್ಕವೂ ಇದೆ: ಹತ್ತು ಮುಖದ ದಾಳ ಏಳು, ಮೇಲೆ 21. ಅಂದರೆ 59 ಸರಾಸರಿ ಮಾತ್ರ. ಬಡಕಲು ಓಗರ್‌ಗೆ 28, ಕೊಬ್ಬಿದ್ದಕ್ಕೆ 91. ಅಲ್ಲಿಯವರೆಗೆ ಯಾವ ನಿಯಮವನ್ನೂ ಮುರಿಯದೆ ಏರಿಸಬಹುದು. ಆದರೆ ನಿಮ್ಮ ತೊಂದರೆ ರಕ್ತದ್ದಲ್ಲ, ಸರದಿಯದು. ಒಂದು ಸುತ್ತಿನಲ್ಲಿ ನಿಮ್ಮವರಿಗೆ ಐದು ಸರದಿ, ಅದಕ್ಕೆ ಒಂದು. ಐದು ಕೊಡಲಿ ಒಂದು ಮರವನ್ನು ಕಡಿದ ಹಾಗೆ. ಡ್ರ್ಯಾಗನ್‌ನಂಥ ದೊಡ್ಡ ಪ್ರಾಣಿಗಳಿಗೆ ಇದಕ್ಕಾಗಿಯೇ ಪುಸ್ತಕದವರು ಒಂದು ಉಪಾಯ ಮಾಡಿದ್ದಾರೆ: ಬೇರೆಯವರ ಸರದಿ ಮುಗಿಯುವ ಹೊತ್ತಿಗೆ ಒಂದೊಂದು ಸಣ್ಣ ಕೆಲಸ, ಸಾಮಾನ್ಯವಾಗಿ ಸುತ್ತಿಗೆ ಮೂರು. ಅದನ್ನು ಓಗರ್‌ಗೆ ಸಾಲ ಕೊಡಿ, ಯಾರೂ ಬೇಡ ಎನ್ನುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ನಿಮ್ಮ ಓಗರ್‌ಗೆ ಏನು ಬೇಕಾಗಿತ್ತು? ನಿಮ್ಮವರು ಹೊಡೆಯಲು ಅನುಕೂಲವಾಗಲಿ ಎಂದು ದಾರಿಯಲ್ಲಿ ನಿಂತಿತ್ತೇ?

ಶಿಡ್ಲಘಟ್ಟದವರಿಗೆ ಕೈವಾರ ದೂರವಲ್ಲ. ಅದೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂದು ನಮ್ಮ ಕಡೆಯ ನಂಬಿಕೆ. ಆ ಕಥೆಯನ್ನು ಮಾಸ್ಟರ್ ಕಣ್ಣಿನಿಂದ ಓದಿ. ಬಕನಿಗೆ ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಬರುವ ಒಬ್ಬ ಮನುಷ್ಯ. ಸರದಿಯ ಪ್ರಕಾರ ಮನೆಗೊಂದು ಸಲ. ಭೀಮ ಬಂಡಿಯಲ್ಲಿ ಹೋಗಿ ಬಕನ ಊಟವನ್ನು ತಾನೇ ಉಣ್ಣಲು ಕೂರುತ್ತಾನೆ. ಬಕ ಬಂದು ಬೆನ್ನ ಮೇಲೆ ಗುದ್ದುತ್ತಾನೆ, ಭೀಮ ತಿರುಗಿಯೂ ನೋಡದೆ ತುತ್ತು ಎತ್ತುತ್ತಾನೆ. ರಾಕ್ಷಸನಿಗೆ ಏನು ಬೇಕು, ಯಾವುದರಿಂದ ಕಣ್ಣು ಕೀಳಲಾರ, ಯಾವುದಕ್ಕೆ ಬುದ್ಧಿ ಕೆಡುತ್ತದೆ, ಮೂರೂ ಅಲ್ಲಿವೆ.

ನಾನು ಮಾಡಿದ ಬಕಾಸುರ ಹೀಗಿದ್ದ. ಮೈಯೆಲ್ಲ ಓಗರ್‌ನದೇ, ಆರ್ಮರ್ ಕ್ಲಾಸ್ (ಏಟು ತಾಕಲು ಹೊಡೆಯುವವರು ಮುಟ್ಟಬೇಕಾದ ಅಂಕಿ) 11, ದೊಣ್ಣೆಯ ಏಟು ಸರಾಸರಿ 13. ಹಿಟ್ ಪಾಯಿಂಟ್ 91. ಬೇರೆಯವರ ಸರದಿಯ ಕೊನೆಗೆ ಸುತ್ತಿಗೆ ಮೂರು ಸಣ್ಣ ಕೆಲಸ: ಬಂಡಿ ಕೈಗೆಟುಕುವಂತಿದ್ದರೆ ಸುತ್ತಿಗೆ ಒಂದು ತುತ್ತು, ತಿಂದರೆ 10 ಹಿಟ್ ಪಾಯಿಂಟ್ ವಾಪಸ್, ಮುರಿದ ಗಾಲಿ ಎಸೆಯುವುದು, ಕೋಣವನ್ನು ಕೆರಳಿಸಿ ಬಿಡುವುದು. ಕೊನೆಗೊಂದು ಕಟ್ಟಳೆ: ಬೇರೆ ಯಾರಾದರೂ ಆ ಅನ್ನಕ್ಕೆ ಕೈ ಹಾಕಿದರೆ ಉಳಿದವರನ್ನೆಲ್ಲ ಬಿಟ್ಟು ಅವನ ಮೇಲೆ ಬೀಳುತ್ತಾನೆ, ಆಗ ಬಕಾಸುರನನ್ನು ಹೊಡೆಯುವವರೆಲ್ಲ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಇದನ್ನು ಗುಟ್ಟಾಗಿ ಇಟ್ಟಿರಲಿಲ್ಲ. ಹಿಂದಿನ ಭಾನುವಾರವೇ ಒಬ್ಬ ಮುದುಕಿಯ ಬಾಯಲ್ಲಿ ಹೇಳಿಸಿದ್ದೆ: "ಹೋದ ವರ್ಷ ಒಂದು ಹುಡುಗ ಬಂಡಿಯಿಂದ ಹಿಡಿ ಅನ್ನ ಕದ್ದ. ಹತ್ತು ಜನ ಈಟಿ ಹಿಡಿದು ನಿಂತಿದ್ದರೂ ಅದು ಅವರ ಕಡೆ ನೋಡಲಿಲ್ಲ, ಆ ಹುಡುಗನ ಹಿಂದೆ ಕೆರೆ ದಾಟಿ ಓಡಿತು."

ಆಟದ ದಿನ ಮೊದಲ ಎರಡು ಸುತ್ತು ನಮ್ಮವರು ಬಡಿದದ್ದೇ ಬಡಿದದ್ದು. 34 ಕಳೆದರು, ಅವನು ಎರಡು ತುತ್ತು ತಿಂದ, 20 ವಾಪಸ್ ಬಂತು. ಯೋಧನ ಪಾತ್ರ ಮಾಡುವವರು ಔಷಧ ಅಂಗಡಿ ಇಟ್ಟಿರುವವರು, ಲೆಕ್ಕದಲ್ಲಿ ಬಲು ಬಿಗಿ. ಅವರು ದಾಳವನ್ನು ಕೆಳಗಿಟ್ಟರು. "ನನ್ನವನು ಕತ್ತಿಯನ್ನು ನೆಲಕ್ಕೆ ಊರಿ ಬಂಡಿ ಹತ್ತುತ್ತಾನೆ. ಊಟಕ್ಕೆ ಕೂರುತ್ತಾನೆ" ಎಂದರು. ಸ್ವಲ್ಪ ತಡೆದು, "ಸಾರು ಇದೆಯೇ?" ಎಂದೂ ಕೇಳಿದರು. ಮೇಜಿನ ಮೇಲೆ ಕಳ್ಳೆಪುರಿಯ ತಟ್ಟೆ ಇತ್ತು. ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಬಕಾಸುರ ಬೆನ್ನಿಗೆ ಎರಡು ಸಲ ಬಾರಿಸಿ 13, 15 ಎಂದು ನಾನು ಕೂಗುತ್ತಿದ್ದರೂ ಬಾಯಿತುಂಬ ಜಗಿಯುತ್ತ ಬರೀ ಹಿಟ್ ಪಾಯಿಂಟ್ ಅಳಿಸಿ ಬರೆದುಕೊಳ್ಳುತ್ತಿದ್ದರು. ಉಳಿದ ನಾಲ್ವರು ಎರಡೆರಡು ದಾಳ ಎಸೆದು ಎರಡೇ ಸುತ್ತಿನಲ್ಲಿ ಮುಗಿಸಿದರು. ಆ ಕಳ್ಳೆಪುರಿ ಐದು ಜನಕ್ಕೆ ತಂದದ್ದು, ಒಂದು ಕಾಳೂ ಉಳಿಯಲಿಲ್ಲ.

ಟ್ರೋಲ್ ಎಂಬ ದೈತ್ಯಪ್ರಾಣಿಯ ಬಗ್ಗೆಯೂ ಇದೇ ಮಾತು. ತನ್ನ ಸರದಿ ಬಂದಾಗಲೆಲ್ಲ ಅದಕ್ಕೆ 10 ಹಿಟ್ ಪಾಯಿಂಟ್ ತಾನಾಗಿಯೇ ಚಿಗುರುತ್ತದೆ. ಬೆಂಕಿ ಅಥವಾ ಆಮ್ಲ ತಾಕಿದರೆ ಮಾತ್ರ ನಿಲ್ಲುತ್ತದೆ. ಇದು ಈಗ ಎಲ್ಲರಿಗೂ ಬಾಯಿಪಾಠ, ಟ್ರೋಲ್ ಎಂದ ಕೂಡಲೇ ಪಂಜು ಹೊತ್ತಿಸುತ್ತಾರೆ. ನಾನು ಬೆಂಕಿ ತೆಗೆದು ಸುಣ್ಣ ಇಟ್ಟೆ. ಊರಿನ ಸುತ್ತ ಎಲ್ಲೆಲ್ಲೂ ಅದರ ಹೆಜ್ಜೆ ಗುರುತು, ಸುಣ್ಣದ ಗೂಡಿನ ಸುತ್ತ ಮಾತ್ರ ಇಲ್ಲ. ಕಂಡುಹಿಡಿಯಲು ಒಂದು ಸಂಜೆ ತೆಗೆದುಕೊಂಡರು.

*

ಮದ್ದಿನ ಶೀಷೆ ಕುಡಿಯಲು ಪೂರ್ತಿ ಸರದಿ ಖರ್ಚಾಗಬೇಕೇ? ಹೊಡೆದೂ ಕುಡಿದೂ ಮಾಡಬಹುದು ಎಂದು ನಮ್ಮವರ ಹಟ.
— ಬಂಗಾರಪೇಟೆ

ಬಿಡಿ, ಕುಡಿಯಲಿ. ಸಾಮಾನ್ಯ ಮದ್ದಿನಿಂದ ಸಿಗುವುದು ಸರಾಸರಿ 7 ಹಿಟ್ ಪಾಯಿಂಟ್. ಅದಕ್ಕೊಂದು ಸರದಿ ಕೇಳುವುದು ಜಿಪುಣತನ. ಎಷ್ಟೋ ಮೇಜುಗಳ ಈ ಮನೆ ನಿಯಮವನ್ನು 2024ರ ಪುಸ್ತಕದಲ್ಲಿ ಅವರೇ ಸೇರಿಸಿಕೊಂಡರು.

*

ಅಂತರಗಂಗೆಯ ಗುಹೆಗಳಲ್ಲಿ ನಡೆಯುವ ಕಥೆ. ದೈತ್ಯ ಚೇಳನ್ನು ತಂದೆ. ಮೂರನೆಯ ಲೆವೆಲ್‌ನ ಮಂತ್ರವಾದಿಗೆ 17 ಹಿಟ್ ಪಾಯಿಂಟ್ ಪೂರ್ತಿ ಇತ್ತು. ಕೊಂಡಿಯ ಏಟಿಗೆ 8, ವಿಷಕ್ಕೆ 24. ಸ್ಥಳದಲ್ಲೇ ಸತ್ತ. ಆಟಗಾರ ಎದ್ದುಹೋದವನು ಎರಡು ವಾರದಿಂದ ಬಂದಿಲ್ಲ. ಚೇಳಿನ ವಿಷ ಕಡಿಮೆ ಮಾಡಬೇಕಿತ್ತೇ?
— ಕೋಲಾರ

ಮೊದಲು ಅವನಿಗೆ ಫೋನ್ ಮಾಡಿ. ಅವನ ಮಂತ್ರವಾದಿ ಸತ್ತಿಲ್ಲ.

ಒಟ್ಟು ಏಟು 32. ಅವನಲ್ಲಿದ್ದ 17 ಕಳೆದರೆ ಉಳಿದದ್ದು 15. ಸ್ಥಳದಲ್ಲೇ ಸಾಯಬೇಕಾದರೆ ಹೀಗೆ ಮಿಕ್ಕಿದ ಏಟು ಅವನ ಪೂರ್ಣ ಹಿಟ್ ಪಾಯಿಂಟ್‌ನಷ್ಟಾದರೂ, ಅಂದರೆ 17 ಆದರೂ ಇರಬೇಕು. ಎರಡು ಕಡಿಮೆ ಬಿತ್ತು. ಅವನು ಬಿದ್ದಿದ್ದಾನೆ, ಪ್ರಜ್ಞೆಯಿಲ್ಲ, ಅಷ್ಟೇ. ಇನ್ನು ಪ್ರತಿ ಸರದಿಗೂ ಅವನು ಇಪ್ಪತ್ತರ ದಾಳ ಎಸೆಯಬೇಕು: 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು, ಮೂರು ಗೆಲುವಾದರೆ ಜೀವ ನಿಂತಿತು, ಮೂರು ಸೋಲಾದರೆ ಹೋಯಿತು. 20 ಬಿದ್ದರೆ ಎದ್ದೇ ಕೂರುತ್ತಾನೆ, 1 ಬಿದ್ದರೆ ಎರಡು ಸೋಲಿನ ಲೆಕ್ಕ. ಯಾರೂ ಹತ್ತಿರ ಹೋಗದಿದ್ದರೂ ನೂರಕ್ಕೆ ಸುಮಾರು 59 ಸಲ ಬದುಕುತ್ತಾನೆ. ಆ ಮೂರು ನಾಲ್ಕು ಎಸೆತಗಳೇ ಆ ಸಂಜೆಯ ಜೀವ, ಅದನ್ನು ನೀವು ನುಂಗಿಬಿಟ್ಟಿರಿ. "ನಿಯಮ ತಪ್ಪಿದ್ದು ನಾನು, ಅಲ್ಲಿಂದಲೇ ಆಡೋಣ ಬಾ" ಎಂದರೆ ಮಾಸ್ಟರ್ ಗೌರವಕ್ಕೆ ಏನೂ ಕುಂದಿಲ್ಲ.

ಆದರೂ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಆ ವಿಷ ಹತ್ತು ಮುಖದ ನಾಲ್ಕು ದಾಳ, ಸರಾಸರಿ 22, ಹೆಚ್ಚೆಂದರೆ 40, ತಡೆದುಕೊಂಡವನಿಗೆ ಅರ್ಧ. ಚಿಕ್ಕ ಲೆವೆಲ್‌ನವರಿಗೆ ಅದು ಏಟಲ್ಲ, ತೀರ್ಪು. ನಾನಾದರೆ ವಿಷವನ್ನು ಹರಡುತ್ತೇನೆ. ಅದೇ ನಾಲ್ಕು ದಾಳ, ಸರದಿಗೆ ಒಂದೊಂದು. ಪ್ರತಿ ಸಲವೂ ತಡೆಯಲು ಒಂದು ಅವಕಾಶ. ವಿಷ ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಏರುತ್ತಿದೆ ಎಂದು ಹೇಳುತ್ತ ಹೋಗಿ. ಮದ್ದು ಯಾರ ಚೀಲದಲ್ಲಿದೆ ಎಂದು ಎಲ್ಲರೂ ಹುಡುಕಾಡುತ್ತಾರೆ, ನೀವು ಹೆದರಿಸುವ ಶ್ರಮವೇ ಇಲ್ಲ.

ಇನ್ನೊಂದು, ಕುಟುಕುವ ಮುಂಚೆ ಗುರುತು ಕೊಡಿ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಿ ಬೆಳೆದವರು ನಿಮ್ಮ ಆಟಗಾರರು. ಕೊಂಡಿ ದಪ್ಪ, ಇಕ್ಕಳ ಸಣ್ಣ ಇರುವ ಕೆಂಪು ಚೇಳನ್ನು ಕಂಡರೆ ದೊಡ್ಡ ಕರಿ ಚೇಳಿಗಿಂತ ಹೆಚ್ಚು ದೂರ ಸರಿಯಬೇಕೆಂದು ಹೊಲಕ್ಕೆ ಹೋಗುವ ಮಕ್ಕಳಿಗೂ ಗೊತ್ತು. ನಿಮ್ಮ ಗುಹೆಯಲ್ಲಿ ಎರಡು ಜಾತಿ ಇರಲಿ. ಕರಿಯದು ಇಕ್ಕಳದಿಂದ ಹಿಡಿದು ಹಿಸುಕುತ್ತದೆ, ವಿಷ ಅಷ್ಟಕ್ಕಷ್ಟೆ. ಕೆಂಪನೆಯದಕ್ಕೆ ಆ ನಾಲ್ಕು ದಾಳ. ಪಂಜಿನ ಬೆಳಕಿಗೆ ಮೊದಲು ಬಣ್ಣ ಹೇಳಿ, ಅಲ್ಲಿಗೆ ನಿಲ್ಲಿಸಿ. ಯಾರು ಮುಂದೆ ಹೋಗುತ್ತಾರೆ, ಯಾರು ಹಿಂದೆ ಸರಿಯುತ್ತಾರೆ ನೋಡಿ.

*

ಪುಸ್ತಕದ 'ರಾಕ್ಷಸ'ನಿಗೆ ಹುಲಿಯ ತಲೆ, ಅಂಗೈ ಹಿಂದುಮುಂದು. ಇದು ನಮ್ಮ ರಾಕ್ಷಸನಲ್ಲ. ಬದಲಾಯಿಸಲು ಹೊರಟಿದ್ದೇನೆ, ಎಲ್ಲಿಂದ ಶುರು ಮಾಡಲಿ?
— ತುಮಕೂರು

ತಲೆಯಿಂದ ಬೇಡ. ಹುಲಿಯ ತಲೆ ತೆಗೆದು ಕೋರೆಹಲ್ಲು, ಗಿರಿಜಾ ಮೀಸೆ ಇಟ್ಟರೆ ವೇಷ ಬದಲಾಯಿತು, ಆಳು ಅವನೇ. ಹಾಗೆ ನೋಡಿದರೆ ಆ ತಿರುವಿದ ಅಂಗೈ ನನಗೆ ಇಷ್ಟ. ಊಟ ಬಡಿಸುವಾಗ ಕೈ ನೋಡಿ ಪತ್ತೆ ಮಾಡಬಹುದು.

ನಮ್ಮ ರಾಕ್ಷಸರ ಬಲ ವರದಲ್ಲಿರುತ್ತದೆ. ಪುಸ್ತಕದವನಿಗೆ ಆರನೆಯ ಮಟ್ಟದವರೆಗಿನ ಮಂತ್ರ ತಾಕುವುದಿಲ್ಲ ಎಂದಿದೆ. ಅದು ಬರೀ ಗೋಡೆ. ವರ ಹಾಗಲ್ಲ, ಅದು ಬಾಗಿಲಿರುವ ಗೋಡೆ. ದೇವರಾಯನದುರ್ಗದ ನರಸಿಂಹನನ್ನು ದಿನವೂ ನೆನೆಯುವ ಊರಿನವರಿಗೆ ಹಿರಣ್ಯಕಶಿಪುವಿನ ಕಥೆ ಹೇಳಬೇಕೇ? ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ನಮುಚಿಗೆ ಒದ್ದೆಯದರಿಂದಲೂ ಸಾವಿಲ್ಲ, ಒಣಗಿದ್ದರಿಂದಲೂ ಇಲ್ಲ. ಇಂದ್ರ ನೊರೆಯಿಂದ ಕೊಂದ. ಒಂದೊಂದು ವರವೂ ಆಟಗಾರರ ಎದುರಿಗಿಟ್ಟ ಒಗಟು.

ಎರಡೋ ಮೂರೋ ಮಾತಿನ ವರ ಕೊಡಿ, ಒಂದೊಂದು ಮಾತೂ ಒಂದೊಂದು ಬಾಯಿಂದ ಕಿವಿಗೆ ಬೀಳಲಿ: ಗುಡಿಯ ಅರ್ಚಕ, ರಾಕ್ಷಸನಿಂದ ತಪ್ಪಿಸಿಕೊಂಡ ಕುದುರೆಯಾಳು, ಕಲ್ಲಿನ ಶಾಸನ. ಸಂದು ಎಲ್ಲಿದೆ ಎಂದು ನೀವು ಒಂದು ಉತ್ತರ ಇಟ್ಟುಕೊಳ್ಳಿ, ಆದರೆ ಅದೇ ಬೇಕೆಂದು ಹಟ ಹಿಡಿಯಬೇಡಿ. ನನ್ನ ರಾಕ್ಷಸನಿಗೆ ನೆಲದ ಮೇಲೂ ಸಾವಿಲ್ಲ, ನೀರಿನಲ್ಲೂ ಇಲ್ಲ. ತೂಗುವ ಸೇತುವೆಗೆ ಎಳೆದುತರುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ನಮ್ಮವರು ಅವನನ್ನು ಅರ್ಧ ಬತ್ತಿದ ಕೆರೆಗೆ ಕರೆದೊಯ್ದು ಸೊಂಟದವರೆಗೆ ಕೆಸರಿನಲ್ಲಿ ಹೂತರು. ಕೆಸರು ನೆಲವೋ ನೀರೋ ಎಂದು ಹತ್ತು ನಿಮಿಷ ವಾದ ನಡೆಯಿತು. ಸೋತದ್ದು ನಾನು. ನಮ್ಮ ಸೀಮೆಯ ಕೆರೆಗಳನ್ನು ನೋಡಿ ಬೆಳೆದವರ ಹತ್ತಿರ ಆ ವಾದಕ್ಕೆ ಇಳಿಯಬಾರದಿತ್ತು.

*

ನಮ್ಮ ಗಾಬ್ಲಿನ್‌ಗಳು (ಗುಂಪಾಗಿ ಬರುವ ಕುಳ್ಳ ರಾಕ್ಷಸರು) ಕೊನೆಯವನು ಸಾಯುವವರೆಗೂ ಹೊಡೆದಾಡುತ್ತವೆ. ಬೇಸರ.
— ಮಧುಗಿರಿ

ಓಡಿಸಿ. ಇದೇ ಆಟದ 1981ರ ಬೇಸಿಕ್ ಪುಸ್ತಕದಲ್ಲಿ ಪ್ರತಿ ಪ್ರಾಣಿಗೂ 'ಧೈರ್ಯ'ದ ಒಂದು ಅಂಕಿ ಇರುತ್ತಿತ್ತು. ಗುಂಪಿನಲ್ಲಿ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಆರು ಮುಖದ ಎರಡು ದಾಳ ಎಸೆಯಬೇಕು. ಬಿದ್ದದ್ದು ಆ ಅಂಕಿಗಿಂತ ಹೆಚ್ಚಾದರೆ ಕಾಲಿಗೆ ಬುದ್ಧಿ. ಧೈರ್ಯ 7 ಎಂದಿಟ್ಟರೆ 36ರಲ್ಲಿ 15 ಸಲ ಓಡುತ್ತವೆ. ಹೊಸ ಪುಸ್ತಕಕ್ಕೂ ಇದನ್ನು ಹಾಗೆಯೇ ಎತ್ತಿ ಹಾಕಿಕೊಳ್ಳಬಹುದು. ನಿಮ್ಮ ಬೆಟ್ಟದ ಆ ಕಡಿದಾದ ಮೆಟ್ಟಿಲುಗಳಲ್ಲಿ ಹತ್ತು ಗಾಬ್ಲಿನ್ ಒಟ್ಟಿಗೆ ಇಳಿದು ಓಡುವುದನ್ನು ನೆನೆಸಿಕೊಳ್ಳಿ. ಹಿಡಿದ ಒಂದು ಗಾಬ್ಲಿನ್ ಹತ್ತು ಹೆಣಕ್ಕಿಂತ ಹೆಚ್ಚು ಮಾತಾಡುತ್ತದೆ.

*

ಪರದೆಯ ಹಿಂದೆ ದಾಳ ಎಸೆದು ಆಟಗಾರರ ಒಳ್ಳೆಯದಕ್ಕಾಗಿ ಅಂಕಿ ಬದಲಾಯಿಸಿ ಹೇಳುತ್ತೇನೆ. ಅವರಿಗೆ ಗೊತ್ತಿಲ್ಲ. ಇದನ್ನೂ ಒಂದು ಮನೆ ನಿಯಮ ಎನ್ನಬಹುದಲ್ಲವೇ?
— ಹೆಸರು ಬೇಡ, ಚಿಕ್ಕಬಳ್ಳಾಪುರ

ಮನೆಯವರಿಗೇ ಗೊತ್ತಿಲ್ಲದ್ದು ಮನೆ ನಿಯಮ ಹೇಗಾಗುತ್ತದೆ ಸ್ವಾಮಿ?

ಇದು ತಪ್ಪಲ್ಲ ಎನ್ನುವ ಒಳ್ಳೆಯ ಮಾಸ್ಟರ್‌ಗಳು ಬೇಕಾದಷ್ಟು ಇದ್ದಾರೆ. ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ; ನನಗೆ ಏನಾಯಿತು ಎಂದಷ್ಟೇ ಹೇಳುತ್ತೇನೆ. ಆರು ತಿಂಗಳು ಹೆಸರು ಹೇಳಿಯೇ ಹೆದರಿಸಿದ ಖಳನೊಬ್ಬನಿದ್ದ, 120 ಹಿಟ್ ಪಾಯಿಂಟ್. ಅಂತೂ ಎದುರಿಗೆ ಬಂದ ದಿನ ಮೊದಲ ಸುತ್ತಿನಲ್ಲೇ ನಮ್ಮವರಿಗೆ ಎರಡು 20 ಬಿದ್ದವು. ಎರಡನೆಯ ಸುತ್ತಿನ ನಡುವಿಗೆ ಅವನಲ್ಲಿ ಉಳಿದದ್ದು 9. ಅವನ ಬಾಯಲ್ಲಿ ಆಡಿಸಲು ಮೂರು ದಿನ ಕೂತು ಬರೆದ ಮಾತುಗಳು ಹಾಗೆಯೇ ಇವೆ. ಪರದೆಯ ಹಿಂದೆ ಪೆನ್ಸಿಲ್ ಎತ್ತಿದೆ. 9ರ ಎಡಕ್ಕೆ ಒಂದು 6 ಬರೆದೆ.

ಲೆಕ್ಕದ ಪುಸ್ತಕದಲ್ಲಿ ಅಂಕಿಯ ಎಡಕ್ಕೆ ಇನ್ನೊಂದು ಅಂಕಿ ಸೇರಿಸುವುದು ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಂಡಿಯಲ್ಲಿ ಅದನ್ನು ಮಾಡಿದ್ದರೆ ಸಂಜೆಯೊಳಗೆ ಕೆಲಸ ಹೋಗುತ್ತಿತ್ತು. ಮೇಜಿನಲ್ಲಿ ಚಪ್ಪಾಳೆ ಬಿತ್ತು. ಖಳ ಇನ್ನೂ ಮೂರು ಸುತ್ತು ನಿಂತ, ಮಾತೆಲ್ಲ ಆಡಿ ಸತ್ತ.

ಮುಂದಿನ ಭಾನುವಾರ, ನಮ್ಮಲ್ಲಿ ಕಳ್ಳಿಯ ಪಾತ್ರ ಮಾಡುವ ಬಿ.ಕಾಂ. ಓದುವ ಹುಡುಗಿ ಎಲ್ಲರಿಗಿಂತ ಮುಂಚೆ ಬಂದಳು. "ಅಂಕಲ್, ಅವನ ಹಿಟ್ ಪಾಯಿಂಟ್ ಎಷ್ಟಿತ್ತು?" ಎಂದಳು. ನೂರಿಪ್ಪತ್ತು ಎಂದೆ, ಬಾಯಿಗೆ ಬಂದ ನಿಜ. ಅವಳು ನೋಟ್ ಪುಸ್ತಕ ತೆರೆದಳು. ಯಾರು ಎಷ್ಟು ಹೊಡೆದರು ಎಂದು ಅಂಚಿನಲ್ಲಿ ಸಾಲಾಗಿ ಬರೆದಿದ್ದಳು, ಕೆಳಗೆ ಗೆರೆ ಎಳೆದು ಮೊತ್ತ: 183. "ನಾನು ಎಲ್ಲೋ ಎರಡು ಸಲ ಬರೆದಿದ್ದೇನೆ ಅಂತ ಕಾಣುತ್ತದೆ. ಮೂರು ಸಲ ಕೂಡಿದರೂ ಸಿಗಲಿಲ್ಲ. ನೀವು ಲೆಕ್ಕದವರಲ್ಲವೇ, ತಪ್ಪು ಎಲ್ಲಿದೆ ನೋಡುತ್ತೀರಾ?"

ಅವಳು ನನ್ನನ್ನು ಹಿಡಿಯಲು ಬಂದದ್ದಲ್ಲ, ತನ್ನ ತಪ್ಪು ಹುಡುಕಲು ಬಂದದ್ದು. ಬೈದಿದ್ದರೆ ಹಗುರವಾಗುತ್ತಿತ್ತು. ಉಳಿದ ನಾಲ್ವರು ಬಂದ ಮೇಲೆ ಎಲ್ಲರೆದುರು ಹೇಳಿದೆ. ಔಷಧ ಅಂಗಡಿಯವರು ನಕ್ಕುಬಿಟ್ಟರು. ಅವಳು ನಗಲಿಲ್ಲ, 9 ಉಳಿದಿದ್ದ ಆ ಗಳಿಗೆಯಲ್ಲಿ ಮುಂದಿನ ಏಟು ಅವಳದೇ ಆಗಿತ್ತು.

ದನದ ಜಾತ್ರೆಯಲ್ಲಿ ಟವೆಲ್ ಹೊದಿಸಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಸುತ್ತಲಿನವರಿಗೆ ಕಾಣುವುದಿಲ್ಲ, ಆದರೆ ಟವೆಲ್ ಕೆಳಗಿನ ಎರಡು ಕೈಗಳಿಗೂ ಬೆಲೆ ಗೊತ್ತಿರುತ್ತದೆ. ನಮ್ಮ ಪರದೆಯ ಹಿಂದೆ ಇರುವುದು ಒಂದೇ ಕೈ.

ಈಗ ನಾನು ಎಲ್ಲರೆದುರು ಎಸೆಯುತ್ತೇನೆ, ಪರದೆ ನಕ್ಷೆ ಮುಚ್ಚಲು ಮಾತ್ರ. ಖಳ ಬೇಗ ಸತ್ತಾನು ಎಂಬ ಭಯವಿದ್ದರೆ ಆಟಕ್ಕೆ ಮುಂಚೆಯೇ ಬರೆದಿಡುತ್ತೇನೆ: ಅರ್ಧಕ್ಕಿಳಿದಾಗ ಮೈಯಿಂದ ಹೊಗೆ ಏಳುತ್ತದೆ, ಎರಡನೆಯ ರೂಪ ಬರುತ್ತದೆ, ಅದಕ್ಕೆ ಇಷ್ಟು ಹಿಟ್ ಪಾಯಿಂಟ್. ಆಟ ಮುಗಿದ ಮೇಲೆ ಹಾಳೆ ಯಾರು ಬೇಕಾದರೂ ನೋಡಬಹುದು. ಆಟಗಾರರ ಒಳ್ಳೆಯದು ಎಂದಿರಲ್ಲ, ಅದಕ್ಕೂ ದಾರಿಯಿದೆ. ಸಂಜೆಗೆ ಒಬ್ಬೊಬ್ಬರಿಗೆ ಒಂದು ಹುಣಸೆ ಬೀಜ ಕೊಡುತ್ತೇನೆ. ಬೀಜ ವಾಪಸ್ ಕೊಟ್ಟರೆ ಯಾವುದಾದರೂ ಒಂದು ಎಸೆತವನ್ನು ಮತ್ತೆ ಎಸೆಯಬಹುದು, ನನ್ನದನ್ನೂ ಸೇರಿಸಿ. ಆ ಬಿ.ಕಾಂ. ಹುಡುಗಿ ತನ್ನ ಬೀಜವನ್ನು ಕೊನೆಯವರೆಗೂ ಬಿಡುವುದಿಲ್ಲ.

*

ನಮ್ಮ ಮೇಜಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ರಾಕ್ಷಸರು ಯಾವ ಭಾಷೆ ಆಡಬೇಕು?
— ಬಾಗೇಪಲ್ಲಿ

ನಮ್ಮಲ್ಲಿ ಊರ ಜನ ಕನ್ನಡ, ಎಲ್ಫ್‌ಗಳು ತೆಲುಗು. ಎರಡೂ ಬರುವವನು ದುಭಾಷಿ, ಅವನಿಗೆ ಊಟ ಉಚಿತ. ರಾಕ್ಷಸರಿಗೆ ಹಳಗನ್ನಡ ಮಾಡಿಸಲು ಹೋಗಿ ನಾನೇ ತೊದಲಿದೆ, ನೀವು ಪ್ರಯತ್ನಿಸಿ.

*

ಕಾಲೇಜಿನ ಉತ್ಸವಕ್ಕೆ ಕನ್ನಡದಲ್ಲಿ ರಾಕ್ಷಸರ ಕಿರುಪುಸ್ತಕ ಅಚ್ಚು ಹಾಕಿಸಿ ಮಾರಬೇಕೆಂದಿದ್ದೇವೆ. ಕಾನೂನಿನ ತೊಡಕು ಇದೆಯೇ?
— ವಿದ್ಯಾರ್ಥಿಗಳು, ತುಮಕೂರು

2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಪ್ರಕಾಶಕರೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಅದರಲ್ಲಿರುವುದನ್ನು ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು. ಅವರು ಹೇಳಿದ ಕೃತಜ್ಞತೆಯ ಸಾಲನ್ನು ಮಾತ್ರ ಬಿಡದೆ ಅಚ್ಚು ಹಾಕಿಸಿ. ಓಗರ್, ಟ್ರೋಲ್, ದೈತ್ಯ ಚೇಳು, ಹುಲಿಮುಖದ ರಾಕ್ಷಸ ಅದರಲ್ಲಿವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಎಂಬೆರಡರ ವಿವರ ಅದರಲ್ಲಿಲ್ಲ, ಅವನ್ನು ಮುಟ್ಟಬೇಡಿ. ಬಕಾಸುರನಿಗೆ ಯಾರ ಅಪ್ಪಣೆಯೂ ಬೇಡ. ನನಗೊಂದು ಪ್ರತಿ ಕಳಿಸಿ.

*

ಇಪ್ಪತ್ತು ಮುಖದ ದಾಳ ನಮ್ಮೂರಿನಲ್ಲಿ ಸಿಗುವುದಿಲ್ಲ. ತರಿಸುವವರೆಗೆ ಏನು ಮಾಡುವುದು?
— ಮುಳಬಾಗಿಲು

ಇಪ್ಪತ್ತು ಹುಣಸೆ ಬೀಜ ಆರಿಸಿ, ಒಂದೇ ಗಾತ್ರದವು. ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿ, 1ರಿಂದ 20 ಬರೆಯಿರಿ. ತಳ ಕಾಣದ ಡಬ್ಬಿಯಲ್ಲಿ ಹಾಕಿ ಕುಲುಕಿ ಒಂದು ತೆಗೆಯಿರಿ. ತೇಯ್ದ ಬದಿ ಬೆರಳಿಗೆ ತಿಳಿಯುತ್ತದೆ, ಆದರೆ ಅಂಕಿ ತಿಳಿಯುವುದಿಲ್ಲ, ಹಾಗಾಗಿ ಮೋಸವಿಲ್ಲ.

ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ: ತೆಗೆದ ಬೀಜವನ್ನು ಪ್ರತಿ ಸಲ ಡಬ್ಬಿಗೆ ವಾಪಸ್ ಹಾಕುತ್ತೀರೋ ಇಲ್ಲವೋ. ಹಾಕಿದರೆ ಅದು ದಾಳದ ಹಾಗೆಯೇ. ಹಾಕದಿದ್ದರೆ ಇಪ್ಪತ್ತು ಸಲ ತೆಗೆಯುವುದರೊಳಗೆ 20 ಒಂದು ಸಲ ಬಂದೇ ಬರುತ್ತದೆ, 1 ಕೂಡ. ಡಬ್ಬಿಯಲ್ಲಿ ನಾಲ್ಕೇ ಬೀಜ ಉಳಿದು 1 ಇನ್ನೂ ಹೊರಗೆ ಬಂದಿಲ್ಲ ಎಂದಾಗ ಕೈ ಹಾಕುವವನ ಮುಖ ನೋಡಬೇಕು. ನಮ್ಮ ದಾಳದ ಚೀಲ ಒಮ್ಮೆ ಕಳೆದುಹೋಗಿ ಎರಡು ವಾರ ಹಾಗೆ ಆಡಿದೆವು. ಸಿಕ್ಕಿದ ಮೇಲೂ ಮೂರನೆಯ ವಾರ ಡಬ್ಬಿಯೇ ಇರಲಿ ಎಂದರು.